ಧೋಂಡಿಬಾ ಆಡದ ಮಾತು

ರಾಣೋಜಿಯ ಹೆಸರನ್ನು ದಿವಾನರಿಗೆ ಹೇಳಿದವಳು ನಾನು. ದೇವಿಯ ಪೂಜಾರಿ ಧೋಂಡಿಬಾ ಹೇಳಿದನೆಂದು ಆ ಸೀಮೆಯವರೆಲ್ಲ ಇಷ್ಟು ವರ್ಷ ನಂಬಿದ್ದರು — ಅವನು ಹೇಳಲಿಲ್ಲ. ನಾನು ಹೇಳಿದೆ. ಯಾರೂ ಹೆದರಿಸಿ ಬಾಯಿ ಬಿಡಿಸಲಿಲ್ಲ, ಯಾರೂ ಏನೂ ಕೊಡಲಿಲ್ಲ. ದೇವರ ಕೆಲಸ ಮಾಡುತ್ತಿದ್ದೇನೆಂಬ ಸಂತೋಷದಲ್ಲಿ, ಗಟ್ಟಿ ದನಿಯಲ್ಲಿ ಹೇಳಿದೆ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದೆ. ನಮ್ಮವರು ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಪೇಟೆಯ ವಾಡೆಯಲ್ಲಿ ಎರಡು ಕೋಣೆಯ ಸಂಸಾರ. ಮಕ್ಕಳಾಗಲಿಲ್ಲ. ಹರಿದಾಸರಾಗಿದ್ದ ತಂದೆಯಿಂದ ಕಲಿತ ಕೀರ್ತನವನ್ನು ಇಲ್ಲಿ ಮರಾಠಿಯಲ್ಲಿ ಮಾಡತೊಡಗಿದೆ. ಕೀರ್ತನಕ್ಕೆ ನಿಂತ ಹೆಂಗಸು, ಅದರಲ್ಲೂ ‘ಕಾನಡಿ ಬಾಯಿ’, ಕನ್ನಡದ ಹೆಂಗಸು — ನೋಡಲೆಂದು ಬಂದವರು ಕೇಳಲು ಕೂತರು. ನನ್ನ ದನಿ ಚೆನ್ನಾಗಿತ್ತು. ಅದನ್ನು ಈಗ ಮುಚ್ಚಿಡುವುದೇಕೆ? ಬರಬರುತ್ತ ನನಗೆ ಒಂದೇ ವಿಷಯ ಹಿಡಿಯಿತು: ದೇವರ ಹೆಸರಿನಲ್ಲಿ ಕುರಿ ಆಡು ಕಡಿಯುವುದು ನಿಲ್ಲಬೇಕು. ಹಿಟ್ಟಿನಿಂದ ಪಶು ಮಾಡಿ ಅರ್ಪಿಸಿದರೆ ಸಾಕು ಎಂಬ ಆಚಾರದಲ್ಲಿ ಬೆಳೆದವಳು ನಾನು. ಬಲಿ ತಪ್ಪೆಂದು ಇಂದಿಗೂ ನಂಬಿದ್ದೇನೆ. ಆ ನಂಬಿಕೆ ಸರಿಯಾಗಿತ್ತೆಂಬುದು — ನಾನು ಮಾಡಿದ್ದನ್ನು ಒಂದು ಕೂದಲೆಳೆಯಷ್ಟೂ ಹಗುರ ಮಾಡುವುದಿಲ್ಲ.

ಭೋರಿನ ಆಚೆಯ ಘಟ್ಟದಲ್ಲಿ ಒಂದು ಪುಟ್ಟ ಸಂಸ್ಥಾನ. ಹೆಸರು ಬರೆಯಲಾರೆ. ಅಲ್ಲಿಯ ದೇವಿಗೆ ದಸರೆಯ ಮೇಲೆ ನೂರಾರು ಆಡುಗಳ ಬಲಿ ಎಂದು ಕೇಳಿ ಹೊರಟು ನಿಂತೆ.

“ಅದು ಇಂಗ್ಲಿಷರ ಮುಲುಕ ಅಲ್ಲ, ಬ್ಯಾರೆ ರಾಜ್ಯ,” ಎಂದರು ನಮ್ಮವರು. “ಅಲ್ಲಿ ರಾಜಾಗೂ ಪ್ರಜಾಗೂ ದೊಡ್ಡ ಜಗಳ ನಡದದ. ನಡುವ ಹೋಗಿ ನೀ ಏನು ಮಾಡ್ತಿ?”

“ನನಗ ರಾಜಕಾರಣ ಬ್ಯಾಡರಿ. ದೇವರಿಗೆ ಗಡಿ ಎಲ್ಲಿ ಅದ?” ಎಂದೆ.

ಜಗಳ ಇದ್ದದ್ದು ಹುಲ್ಲಿನ ಮೇಲೆ. ಕಾಡಿನಲ್ಲಿ ದನ ಮೇಯಿಸಲು, ಹುಲ್ಲು ಕೊಯ್ಯಲು ಸಂಸ್ಥಾನ ತೆರಿಗೆ ಏರಿಸಿತ್ತು. ಹಳ್ಳಿಗರು ಒಂದಾಗಿ ಪ್ರಜಾಸಭೆ ಕಟ್ಟಿದ್ದರು. ಅದರ ಮುಂದಾಳು ರಾಣೋಜಿ. ನನಗೆ ಇಳಿಯಲು ಜಾಗ ಕೊಟ್ಟವನೂ ಆತನೇ. ಪುಣೆಯ ಬಾಯಿ ಬಂದಿದ್ದಾಳೆ, ನಮ್ಮ ಕಷ್ಟ ಹೊರಗೆ ನಾಲ್ಕು ಜನರಿಗೆ ತಿಳಿದೀತು ಎಂಬ ಆಸೆ ಆತನಿಗೆ. ತನ್ನ ಮನೆಯ ಪಡಸಾಲೆಯನ್ನು ಸಾರಿಸಿ, ನನಗೆ ಬೇರೆ ಒಲೆ ಹೂಡಿಸಿಕೊಟ್ಟ. ಆತನ ಹೆಂಡತಿ ಹೌಸಾಬಾಯಿ ದಿನಾ ನೀರು ತಂದು ಹೊಸ್ತಿಲ ಹೊರಗೇ ಇಡುತ್ತಿದ್ದಳು — ನಾನು ಮುಟ್ಟಿಸಿಕೊಳ್ಳುವುದಿಲ್ಲವೆಂದು ಯಾರೂ ಹೇಳದೆಯೇ ತಿಳಿದುಕೊಂಡು.

ಹಿಟ್ಟಿನ ಆಡಿನ ವಿಷಯ ಆಕೆಗೆ ವಿವರಿಸಿದೆ. ಆಕೆ ನಕ್ಕಳು. ಮರಾಠಿಯಲ್ಲಿ ಆಡಿದ ಮಾತು, ನನ್ನ ಕಿವಿಯಲ್ಲಿ ನಮ್ಮ ಕಡೆಯ ಕನ್ನಡವಾಗಿ ಉಳಿದಿದೆ: “ಹಿಟ್ಟು ಮಕ್ಕಳಿಗೇ ಸಾಲಂಗಿಲ್ಲ ಬಾಯಿ. ದೇವಿಗೆ ಎಲ್ಲಿಂದ ತರೋಣು?”

ನನಗೆ ಅದು ಅಜ್ಞಾನ ಎನಿಸಿತು.

ಗುಡಿಯ ಮೆಟ್ಟಿಲ ಮೇಲೆ ಉಪವಾಸ ಕೂತೆ. ಸಂಜೆ ಕೀರ್ತನ, ಹಗಲೆಲ್ಲ ಮೌನ. ಪೂಜಾರಿ ಧೋಂಡಿಬಾ ಬಿಸಿಲು ಬೀಳದಂತೆ ಒಂದು ಕಂಬಳಿ ಕಟ್ಟಿಕೊಟ್ಟ. ಬಲಿ ನಿಂತರೆ ಅವನ ಪಾಲೂ ಹೋಗುತ್ತಿತ್ತು, ಆದರೂ ಕಟ್ಟಿಕೊಟ್ಟ. ನಾನು ಸೊರಗುತ್ತ ಹೋದಂತೆ ಸುದ್ದಿ ಹಬ್ಬಿತು. ಕೊನೆಗೆ ದಿವಾನರು ಮೇಣೆ ಕಳಿಸಿ ಕರೆಸಿಕೊಂಡರು. ಬಹಳ ಮರ್ಯಾದೆಯ ಮನುಷ್ಯ. ತಾವೇ ಎದ್ದು ನನ್ನ ಕೈಗೆ ಹಾಲಿನ ಬಟ್ಟಲು ಕೊಟ್ಟರು. ಬಲಿ ನಿಷೇಧದ ಹುಕುಂ ನನ್ನೆದುರೇ ಮೊಹರು ಮಾಡಿಸಿದರು. ಅದರಲ್ಲಿ ಇನ್ನೊಂದು ಸಾಲಿತ್ತು — ಬಲಿಯ ದಿನ ಗುಡಿಯ ಸುತ್ತ ಜನ ಗುಂಪು ಸೇರಕೂಡದು. ಓದಿದೆ. ಅರ್ಥವಾಯಿತು ಕೂಡ. ಹಳ್ಳಿಗಳೆಲ್ಲ ಒಂದೆಡೆ ಸೇರುತ್ತಿದ್ದುದು ಅದೊಂದೇ ದಿನ, ಪ್ರಜಾಸಭೆ ನಡೆಯಬೇಕಾಗಿದ್ದದ್ದೂ ಅಂದೇ. ನನಗೆ ಅರ್ಥವಾಗಿರಲಿಲ್ಲ ಎಂದು ಬರೆದರೆ ಎಷ್ಟು ಸುಲಭವಾಗುತ್ತಿತ್ತು — ಆದರೆ ಆಗಿತ್ತು.

ಬಲಿಯ ಹಿಂದಿನ ದಿನ ಹೌಸಾಬಾಯಿ ನೀರಿಟ್ಟು ಹೋಗದೆ ನಿಂತಳು.

“ನಾಳೆ ಮುಂಜಾನೆ ಮ್ಯಾಲಿನ ಗುಡ್ಡದ ಕಡೆ ಬರಬ್ಯಾಡ್ರಿ ಬಾಯಿ. ಅಲ್ಲೊಂದು ಹಳೇ ಗುಡಿ ಐತಿ. ನಮ್ಮ ಮಂದಿ ಅಲ್ಲೇ ಕೂಡ್ತಾರ, ಅಲ್ಲೇ ದೇವಿಗೆ ಕೊಡ್ತಾರ. ನಿಮಗ ನೋಡಾಕ ಆಗೂದಿಲ್ಲ, ಜೀವಕ್ಕ ಹತ್ತತೈತಿ. ಅದಕ್ಕ ಹೇಳಿದೆ.”

ನನ್ನ ಮನಸ್ಸು ನೋಯಬಾರದೆಂದು ಹೇಳಿದಳು. ನಾನು ಆಕೆ ಮರೆಯಾಗುವವರೆಗೆ ಕಾದು, ಸೆರಗು ಹೊದ್ದು, ನೆಟ್ಟಗೆ ದಿವಾನರ ಮನೆಗೆ ನಡೆದೆ. ನಾಳೆ ಬಲಿ ನಡೆಯಲಿದೆ ಎಂದೆ.

“ಹುಕುಂ ಮೀರಾವರು ಯಾರು, ಮಾಯಿ?” ಎಂದು ಅವರು ಕೇಳಿದರು.

“ರಾಣೋಜಿ. ಗುಡ್ಡದ ಮ್ಯಾಲಿನ ಹಳೇ ಗುಡಿ. ನಾಳೆ ಮುಂಜಾನೆ.”

ಇಷ್ಟೇ. ಈ ಮಾತು ಆಡುವಾಗ ನನ್ನ ಕಣ್ಣೆದುರು ಇದ್ದದ್ದು ಆಡಿನ ಮರಿಗಳು. ಮನುಷ್ಯರು ಇರಲಿಲ್ಲ.

ಮರುದಿನ ಸಿಪಾಯಿಗಳು ಗುಡ್ಡ ಹತ್ತಿದರು. ಲಾಠಿಯ ಏಟು ತಿನ್ನದೆ ಇಳಿದವರು ಕಡಿಮೆ. ರಾಣೋಜಿಯನ್ನು ಕೈಗೆ ಹಗ್ಗ ಹಾಕಿ ಪೇಟೆಯ ನಡುವೆ ನಡೆಸಿದರು; ನಾನು ಗುಡಿಯ ಮೆಟ್ಟಿಲ ಮೇಲಿಂದ ನೋಡಿದೆ, ಆತ ನನ್ನನ್ನು ನೋಡಿ — ನಮಸ್ಕಾರ ಮಾಡಲು ಕೈ ಎತ್ತಹೋದ, ಹಗ್ಗ ಬಿಡಲಿಲ್ಲ. ಹಿಡಿದು ತಂದ ಆಡುಗಳನ್ನು ಸಂಜೆ ಸಿಪಾಯಿಗಳೇ ತಮ್ಮ ಬಿಡಾರದ ಲೈನಿನಲ್ಲಿ ಕೊಯ್ದು ಬೇಯಿಸಿಕೊಂಡರು. ಅದರ ವಾಸನೆ ನನ್ನ ಮೂಗಿಗೂ ಬಂತು. ಅರಮನೆಯವರು ಶಾಲು ಹೊದಿಸಿ ನನ್ನನ್ನು ಪುಣೆಗೆ ಕಳಿಸಿದರು. ಇಲ್ಲಿ ಇನ್ನೂ ದೊಡ್ಡ ಹಾರ ಕಾದಿತ್ತು.

ಪ್ರಜಾಸಭೆ ಮುರಿಯಿತು. ತೆರಿಗೆ ಹಾಗೇ ಉಳಿಯಿತು. ರಾಣೋಜಿ ಸೆರೆಮನೆಯಲ್ಲಿ ಜ್ವರ ಬಂದು ತೀರಿಕೊಂಡ. ಹಳೆಯ ಗುಡಿಯ ಬಾಗಿಲು ತೆರೆಯುವ ವಿಷಯ ಮೊದಲೇ ತಿಳಿದಿದ್ದವನು ಪೂಜಾರಿ; ಹಾಗಾಗಿ ಹೇಳಿದವನೂ ಅವನೇ ಎಂದು ಜನ ತೀರ್ಮಾನಿಸಿದರು. ಅವನ ಮನೆಗೆ ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ, ಮಾತಾಡಿಸಲಿಲ್ಲ.

ಇದು ನನಗೆ ತಿಳಿದದ್ದು ಅವನ ಬಾಯಿಂದಲೇ. ಒಂದು ದಿನ ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಈರುಳ್ಳಿಯ ಚೀಲ ಹೊತ್ತಿದ್ದವನೊಬ್ಬ ಅದನ್ನು ಕೆಳಗಿಳಿಸಿ ಕಾಲಿಗೆರಗಿದ. ಗುರುತು ಹತ್ತಲಿಲ್ಲ.

“ನಾ ಧೋಂಡಿಬಾ, ಮಾಯಿ. ಊರು ಬಿಡಿಸಿದರು. ನಾ ಹೇಳಿಲ್ಲರಿ, ದೇವಿ ಆಣಿ. ನಿಮ್ಮ ಮಾತು ಊರವರು ಕೇಳ್ತಾರ. ಒಂದ್ ಮಾತು ಹೇಳಿ ಕಳಸ್ರಿ.”

ನಾನು ಏನು ಹೇಳಿದೆ ಗೊತ್ತೇ? “ದೇವಿ ನೋಡಿಕೊಳ್ತಾಳ,” ಎಂದೆ. ಕೈಯಲ್ಲಿದ್ದ ಬಾಳೆಹಣ್ಣು ಕೊಟ್ಟು ಮನೆಗೆ ಬಂದೆ. ಹೆಸರು ಹೇಳಿದ್ದು ಹುಚ್ಚು ಭಕ್ತಿಯಲ್ಲಿ ಎನ್ನಬಹುದೇನೋ. ಇದನ್ನು — ಇದನ್ನು ಎಚ್ಚರದಲ್ಲಿ ಮಾಡಿದೆ. ಆಮೇಲೆ ವರ್ಷಗಟ್ಟಲೆ ಮಂಡಯಿಗೆ ಹೋಗುವುದನ್ನೇ ಬಿಟ್ಟೆ.

ಈಗ ಇಂಗ್ಲಿಷರು ಹೊರಟಿದ್ದಾರೆ, ಸಂಸ್ಥಾನಗಳ ಕಾಲವೂ ಮುಗಿಯಿತೆನ್ನುತ್ತಾರೆ. ಆ ಊರಿನಲ್ಲಿ ರಾಣೋಜಿಯ ಹೆಸರಿನಲ್ಲಿ ಒಂದು ಕಟ್ಟೆ ಕಟ್ಟುತ್ತಾರಂತೆ. ಅದರ ಸಮಾರಂಭಕ್ಕೆ ನನ್ನ ಕೀರ್ತನ ಬೇಕೆಂದು ಇಬ್ಬರು ತರುಣರು ಮನೆಗೆ ಬಂದರು. ಬರುತ್ತೇನೆ ಎಂದೆ. ಅವರನ್ನು ಕಳಿಸಿ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು “ಹೋಗಿ ಹೇಳಿ ಬಾ,” ಎಂದರು. ಜೊತೆಗೆ ಬರುತ್ತೇನೆನ್ನಲಿಲ್ಲ. ನಾನೂ ಕೇಳಲಿಲ್ಲ.

ಕೀರ್ತನ ಮಾಡಲಿಲ್ಲ. ಸಮಾರಂಭಕ್ಕೆ ಮುಂಚೆಯೇ ಹೋಗಿ, ಹೌಸಾಬಾಯಿಯ ಅಂಗಳದಲ್ಲಿ ನಿಂತು ಹೇಳಿದೆ. ಆಕೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಂತಿತು. ನಾನು ಬೈಗಳಿಗೆ ಕಾದೆ.

“ಅಂದ್ರ ನಾ ಹೇಳಿದ್ದು,” ಎಂದಳು. “ನಾ ನಿಮಗ ಹೇಳಿದ್ದಕ್ಕ ಅಂವ ಸತ್ತ.”

ಅಲ್ಲ, ಅಲ್ಲ ಎಂದೆ. ಆಕೆ ಕೇಳಿಸಿಕೊಳ್ಳಲಿಲ್ಲ. ನಾನು ತಪ್ಪೊಪ್ಪಿಕೊಂಡು ಹಗುರಾಗಲು ಹೋದವಳು ಆಕೆಯ ತಲೆಯ ಮೇಲೆ ಇನ್ನೊಂದು ಭಾರ ಇಟ್ಟಿದ್ದೆ.

ಆಕೆ ಎದ್ದು ಸೆರಗು ಕೊಡವಿದಳು. “ಧೋಂಡಿಬಾ ಎಲ್ಲಿ ಅದಾನ?”

ಸಮಾರಂಭಕ್ಕೆ ನೆರೆದ ಜನರೆದುರು ಮತ್ತೊಮ್ಮೆ ಹೇಳಿದೆ, ಮುಚ್ಚುಮರೆಯಿಲ್ಲದೆ. ಒಬ್ಬ ಮುದುಕ ಉಗುಳಿ ಎದ್ದುಹೋದ. ಹೌಸಾಬಾಯಿ ನನ್ನೊಡನೆ ಪುಣೆಗೆ ಬಂದಳು.

ಅವನು ಮಂಡಯಿಯ ಹಿಂದಿನ ಗಲ್ಲಿಯಲ್ಲಿ ಖಾಲಿ ಚೀಲಗಳ ಮೇಲೆ ಕೂತಿದ್ದ. ಹೌಸಾಬಾಯಿ ಅವನ ಮುಂದೆ ನೆಲಕ್ಕೆ ಹಣೆ ಹಚ್ಚಿದಳು. “ತಪ್ಪಾತು ಅಣ್ಣಾ. ಊರು ಕರೀಲಿಕತ್ತೈತಿ. ನಡಿ.” ನಾನೂ ನನ್ನ ಮಾತು ಹೇಳಿದೆ. ಅವನು ಕೊನೆಯತನಕ ಕೇಳಿದ.

“ನಂದು ಇರಲಿ,” ಎಂದ. “ನನ್ನ ಹೇಣ್ತಿ ಆ ಊರಾಗೇ ಸತ್ತಳು. ಹೆಣ ಎತ್ತಾಕ ಒಬ್ಬರೂ ಬರಲಿಲ್ಲ. ನಾನ ಬೆನ್ನ ಮ್ಯಾಲೆ ಹೊತ್ಕೊಂಡು ಹ್ವಾದೆ. ಆಕಿಗೆ ಯಾರು ಹೇಳ್ತೀರಿ?”

 

ಅವನು ಎದ್ದು ಹೌಸಾಬಾಯಿಯೊಡನೆ ಹೊರಟ. ಒಂದಿಷ್ಟು ದೂರ ಹೋಗಿದ್ದರು. ನನಗೆ ಆ ಹೆಣ್ಣುಮಗಳ ಹೆಸರೂ ಗೊತ್ತಿಲ್ಲವೆಂದು ಹೊಳೆಯಿತು. ಓಡಿಹೋಗಿ ಕೇಳಿದೆ — ಆಕೆಯ ಹೆಸರೇನು?

ಧೋಂಡಿಬಾ ನನ್ನ ಮುಖವನ್ನೇ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಮಗ ಹೆಸರು ಹೇಳೂದಿಲ್ಲ, ಬಾಯಿ,” ಎಂದ.