ನನ್ನ ಅಗ್ಗದ ಗಿಟಾರಿಗೆ ಹೊಸ ಗಂಟಲು

ನನ್ನ ಗೆಳತಿ ತನ್ನ ಹೊಸ ಗಿಟಾರನ್ನು ನನ್ನ ಕೈಗೆ ಕೊಟ್ಟಿದ್ದೇ ತಪ್ಪಾಯಿತು. ಅವಳ ಮನೆಯ ಸೋಫಾದ ಮೇಲೆ ಕೂತು ಒಂದೆರಡು ಹಾಡಿನಷ್ಟು ಹೊತ್ತು ನುಡಿಸಿದೆ. ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಒಂದು ಸ್ವರ ಮೀಟಿ ಬಿಟ್ಟರೆ ಅದು ಕೋಣೆಯೊಳಗೆ ಆರಾಮಾಗಿ ಸುತ್ತಾಡಿ, ತನಗೆ ಸಾಕೆನಿಸಿದಾಗ ಹೋಗುತ್ತಿತ್ತು. ಮನೆಗೆ ಬಂದು ನನ್ನದನ್ನು ಎತ್ತಿಕೊಂಡರೆ ಬಟ್ಟೆ ಒಣಹಾಕುವ ತಂತಿಯನ್ನು ಮೀಟಿದ ಹಾಗಾಯಿತು.

ನನ್ನದು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಎಲೆಕ್ಟ್ರಿಕ್ ಗಿಟಾರ್. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಜಾರುತ್ತಿತ್ತು. ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಅವು ಒಂದು ಎತ್ತರ, ಒಂದು ತಗ್ಗು. ಮೇಲಿನ ಸ್ವರಗಳಿಗೆ ಹೋದರೆ ತಂತಿ ಪಟ್ಟಿಗೆ ತಾಗಿ ಜಿರ್ರ್ ಅನ್ನುತ್ತಿತ್ತು.

ಗೆಳತಿ ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರ್. ನಾನು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ವೈಂಡಿಂಗ್ ವಿಭಾಗದ ಸೂಪರ್‌ವೈಸರ್. ಅಲ್ಲಿ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಿಗೆ ಬೇಕಾಗುವ ಪುಟ್ಟ ಕಾಯಿಲ್‌ಗಳನ್ನು ಸುತ್ತುತ್ತೇವೆ. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ, ಸಾವಿರಾರು ಸುತ್ತು. ನಮ್ಮಿಬ್ಬರ ಜೊತೆ ಭದ್ರಾವತಿ ಓಲ್ಡ್ ಟೌನಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಭಾಯ್ ಇದ್ದಾರೆ. ಅವರದು ಡ್ರಮ್ಸ್. ರಿಸೆಪ್ಶನ್, ಬರ್ತ್‌ಡೇ, ಸಂಘಗಳ ವಾರ್ಷಿಕೋತ್ಸವ ಎಂದು ಕರೆದಲ್ಲೆಲ್ಲ ಹೋಗಿ ನುಡಿಸುತ್ತೇವೆ. ನಲವತ್ತು ದಾಟಿದ ಇಬ್ಬರು ಹೆಂಗಸರು ಸೀರೆಯುಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತರೆ ಊಟದ ಸಾಲಿನಲ್ಲಿ ಇರುವವರೂ ಹಿಂತಿರುಗಿ ನೋಡುತ್ತಾರೆ.

ಮಾರನೇ ದಿನ ಕೆಲಸದ ನಡುವೆ ಒಂದು ಕಾಯಿಲ್ ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹೊಳೆಯಿತು. ತಂತಿಯ ಅದುರುವಿಕೆಯನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುವುದು ಗಿಟಾರಿನ ಪಿಕಪ್. ಆ ಪಿಕಪ್ ಅಂದರೆ ಏನು? ಅಯಸ್ಕಾಂತದ ಸುತ್ತ ಸುತ್ತಿದ ಇಂಥದೇ ತಾಮ್ರದ ತಂತಿ! ಇಷ್ಟು ವರ್ಷ ದಿನವೂ ನಾನು ಮಾಡಿಕೊಂಡು ಬಂದ ಕೆಲಸವೇ ಅದು. ಊಟದ ಬಿಡುವಿನಲ್ಲಿ ಗೆಳತಿಗೆ ಫೋನ್ ಮಾಡಿದೆ.

“ನನ್ನ ಗಿಟಾರನ್ನ ನಿನ್ನದರ ಸಮಕ್ಕೆ ತರ್ತೀನಿ ನೋಡ್ತಿರು.”

“ಎಂತ ತರ್ತೀಯಾ ಮಾರಾಯ್ತಿ! ಮರ ಬೇರೆ, ಕತ್ತು ಬೇರೆ, ಮಾಡಿದ ಕೈ ಬೇರೆ. ಪೂರಾ ಹಲ್ಲು ಹುಳುಕಾದ ಮೇಲೆ ಕ್ಯಾಪ್ ಹಾಕಿ ಏನು ಪ್ರಯೋಜನ?”

“ಹುಳುಕಾಗಿಲ್ಲ ಕಣೇ, ಸೊಟ್ಟ ಇದೆ ಅಷ್ಟೆ.”

ಅದಕ್ಕೆ ಅವಳೇ, “ಸೊಟ್ಟ ಆದ್ರೆ ಸರಿಮಾಡಬಹುದು. ಭಾನುವಾರ ಕ್ಲಿನಿಕ್ಕಿಗೆ ತಗೊಂಡು ಬಾ,” ಅಂದಳು.

ಹಾಗೆ ಶುರುವಾಯಿತು. ಭಾನುವಾರ ಕ್ಲಿನಿಕ್ಕಿಗೆ ರಜೆ. ರೋಗಿಗಳು ಒರಗುವ ಕುರ್ಚಿಯ ಮೇಲೆ ನನ್ನ ಗಿಟಾರನ್ನು ಮಲಗಿಸಿ, ಮೇಲಿನ ದೊಡ್ಡ ಲೈಟು ಹಾಕಿದಳು. ನಾನು ಕಾರ್ಖಾನೆಯಿಂದ ಸಮತಟ್ಟಾದ ಉಕ್ಕಿನ ಪಟ್ಟಿಯೊಂದನ್ನು ಕೇಳಿ ತಂದಿದ್ದೆ. ಅದಕ್ಕೆ ಉಜ್ಜುಕಾಗದ ಅಂಟಿಸಿ, ಫ್ರೆಟ್‌ಗಳ ನೆತ್ತಿಗೆಲ್ಲ ಮಾರ್ಕರ್ ಪೆನ್ನಿನ ಮಸಿ ಬಳಿದು, ಮಸಿ ಎಲ್ಲ ಕಡೆ ಒಂದೇ ಸಮ ಅಳಿಸುವವರೆಗೆ ಹಗುರವಾಗಿ ಎಳೆದೆ. ಆಮೇಲೆ ಅವಳ ಸರದಿ. ಹಲ್ಲಿಗೆ ಹೊಳಪು ಕೊಡುವ ಪುಟ್ಟ ಮಿಷನ್ನು, ಅದರ ರಬ್ಬರ್ ಬಟ್ಟಲು, ಗುಲಾಬಿ ಬಣ್ಣದ ಪೇಸ್ಟು. ಸುಂಯ್ ಎಂದು ಒಂದೊಂದೇ ಫ್ರೆಟ್ ಉಜ್ಜುತ್ತ ಹೋದಳು. ಮಾಸ್ಕ್ ಹಾಕಿಕೊಂಡು ಎಷ್ಟು ತನ್ಮಯಳಾಗಿದ್ದಳೆಂದರೆ ನಡುವೆ ಅಭ್ಯಾಸಬಲದಿಂದ “ಸ್ವಲ್ಪ ಬಾಯಿ ದೊಡ್ಡದಾಗಿ ತೆಗೀರಿ” ಅಂದುಬಿಟ್ಟಳು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಮುಗಿದಾಗ ಫ್ರೆಟ್‌ಗಳು ಹೊಸ ಸ್ಟೀಲ್ ಪಾತ್ರೆಯ ಕಂಠದ ಹಾಗೆ ಮಿಂಚುತ್ತಿದ್ದವು. ಬೆರಳಿಟ್ಟು ಜಾರಿಸಿದೆ. ಜಿರ್ರ್ ಇಲ್ಲ!

ತಂತಿಗಳು ಕತ್ತಿನ ತುದಿಯಲ್ಲಿ ಒರಗುವ ಪ್ಲಾಸ್ಟಿಕ್ ತುಂಡನ್ನು ಕಿತ್ತು, ಅಲ್ಲಿಗೆ ಮೂಳೆಯದನ್ನು ಕೂರಿಸಬೇಕಿತ್ತು. ಭಾಯ್ ತಮ್ಮ ಬೀದಿಯ ಕಸಾಯಿ ಅಂಗಡಿಯಿಂದ ಒಂದು ಮೂಳೆ ತಂದರು. ಅವರ ಅಮ್ಮಿ ಅದನ್ನು ಚೆನ್ನಾಗಿ ಕುದಿಸಿ, ತಾರಸಿಯ ಮೇಲೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಡಾಕ್ಟರ್ ಗೆಳತಿ ಅದನ್ನು ಕೊರೆದು ಆರು ತಂತಿಗೆ ಆರು ಗೀರು ಮಾಡಿದ ಅಂದ ನೋಡಿ, ಇವಳು ಹಲ್ಲು ಕಟ್ಟಿದವರೆಲ್ಲ ಪುಣ್ಯವಂತರು ಅಂದುಕೊಂಡೆ. ತಂತಿ ಬಿಗಿಯುವ ಬಿರಡೆಗಳನ್ನೂ ಬದಲಾಯಿಸಿದ ಮೇಲೆ ಶ್ರುತಿ ಜಾರುವುದು ನಿಂತಿತು.

ಉಳಿದದ್ದು ಗಿಟಾರಿನ ಗಂಟಲು, ಅಂದರೆ ಪಿಕಪ್. ಅದು ನನ್ನ ಪಾಲಿನದು. ಮಾಲೀಕರನ್ನು ಕೇಳಿದೆ, ಶಿಫ್ಟ್ ಮುಗಿದ ಮೇಲೆ ಹಳೆಯ ಮಿಷನ್ ಬಳಸಿಕೊಳ್ಳಲೇ ಎಂದು. ಅವರು ನಕ್ಕು, “ಮೇಡಂ, ಸುತ್ತಿ, ಆದ್ರೆ ನಮ್ಮ ಹುಡುಗೀರನ್ನೆಲ್ಲ ಬ್ಯಾಂಡಿಗೆ ಸೇರಿಸ್ಕೋಬೇಡಿ,” ಅಂದರು.

ಮೊದಲನೆಯದು ಮುಗಿಯುವ ಹೊತ್ತಿಗೆ ತಂತಿ ಪಟ್ಟನೆ ಕಡಿದುಹೋಯಿತು. ಅಷ್ಟೂ ಸುತ್ತು ವ್ಯರ್ಥ. ಎರಡನೆಯದು ಪೂರಾ ಆಯಿತು. ಕುಣಿಯುತ್ತ ಮನೆಗೆ ಬಂದು ಬೆಸುಗೆ ಹಾಕಿ, ಆಂಪ್ಲಿಫೈಯರಿಗೆ ಚುಚ್ಚಿ, ಸೌಂಡ್ ಏರಿಸಿದೆ. ಕುಕ್ಕರ್ ಸೀಟಿ ಹೊಡೆದ ಹಾಗೆ ಕೀಂ ಎಂದು ಕಿರುಚಿತು. ಗಂಡ ಹಾಲಿನ ಪಾತ್ರೆ ಬಿಟ್ಟು ಓಡಿ ಬಂದರು. ಒಳಗಿನ ಸುತ್ತುಗಳು ಸಡಿಲವಾಗಿದ್ದು ತಾವೇ ಅದುರುತ್ತಿದ್ದವು. ಅವನ್ನು ಮೇಣದಲ್ಲಿ ಅದ್ದಿ ಗಟ್ಟಿಮಾಡಬೇಕು ಎಂದು ಗೊತ್ತಿತ್ತು; ಆತುರದಲ್ಲಿ ಬಿಟ್ಟಿದ್ದೆ. ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಡಬ್ಬಿ ಇಟ್ಟು ಮೇಣದಬತ್ತಿ ಕರಗಿಸಿದೆ. ಪಿಕಪ್ಪನ್ನು ಅದರೊಳಗೆ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾದೆ.

“ನಾಳೆ ಇಡ್ಲಿ ಬೇಡ,” ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿದರು. “ಉಪ್ಪಿಟ್ಟು ಮಾಡ್ತೀನಿ ನಾನೇ.”

ಮೇಣ ಆರಿದ ಮೇಲೆ, ಮಾರನೇ ಬೆಳಿಗ್ಗೆ ಮತ್ತೆ ಜೋಡಿಸಿ ಮೀಟಿದೆ. ಈ ಸಲ ಕಿರುಚಲಿಲ್ಲ. ದಪ್ಪಗೆ, ದುಂಡಗೆ, ಎದೆಯಿಂದ ಹಾಡುವವರ ದನಿಯಂತೆ ಒಂದು ಸ್ವರ ಬಂತು. ನಾನು ಸುತ್ತಿದ ತಾಮ್ರದಿಂದ ಬಂದ ಸ್ವರ. ನನಗೆ ಮೈಯೆಲ್ಲ ಜುಂ ಎಂದಿತು. ಅದೇ ಒಂದು ಸ್ವರವನ್ನು ಮತ್ತೆ ಮತ್ತೆ ಮೀಟುತ್ತ ಕೂತೆ. ಗಂಡ ಉಪ್ಪಿಟ್ಟಿನ ರವೆ ಹುರಿಯುತ್ತಲೇ, “ಇದು ಬೇರೆ ಗಿಟಾರಾ?” ಎಂದು ಕೇಳಿದರು. ಅವರಿಗೆ ಸಂಗೀತದ ಗಂಧವಿಲ್ಲ. ಅದಕ್ಕೇ ಆ ಮಾತು ನನಗೆ ಪದಕದ ಹಾಗೆ ಕಂಡಿತು.

ಪರೀಕ್ಷೆ ಭಾಯ್ ಅವರ ಗೋಡೌನಿನಲ್ಲಿ ನಡೆಯಿತು. ಅಂಗಡಿಯ ಹಿಂದೆ, ಟೈರುಗಳ ಗೋಪುರಗಳ ನಡುವೆ ನಾವು ಪ್ರಾಕ್ಟೀಸ್ ಮಾಡುವ ಜಾಗ. ಟೈರುಗಳು ಸದ್ದನ್ನು ನುಂಗುವುದರಿಂದ ಅಕ್ಕಪಕ್ಕದವರು ತಕರಾರು ಮಾಡುವುದಿಲ್ಲ. ಅಡ್ಡಲಾಗಿ ಒಂದು ಬೆಡ್‌ಶೀಟ್ ಕಟ್ಟಿದೆವು. ಡಾಕ್ಟರ್ ಗೆಳತಿ ಅದರ ಹಿಂದೆ ಎರಡೂ ಗಿಟಾರ್ ಇಟ್ಟುಕೊಂಡು ಕೂತಳು. ಆಂಪ್ಲಿಫೈಯರ್ ಒಂದೇ, ಕೇಬಲ್ ಒಂದೇ, ನುಡಿಸುವ ಕೈಯೂ ಒಂದೇ. ಈಚೆ ಕಡೆ ಭಾಯ್, ಅವರ ಅಮ್ಮಿ ಮತ್ತು ನಾನು. ಅಮ್ಮಿ ಟೀ ಕೊಡಲು ಬಂದವರು, ವಿಷಯ ತಿಳಿದು ಟೈರಿನ ಮೇಲೆ ಕೂತೇಬಿಟ್ಟರು.

ಅದೇ ಸಣ್ಣ ತುಣುಕನ್ನು ಒಮ್ಮೆ ಒಂದರಲ್ಲಿ, ಒಮ್ಮೆ ಇನ್ನೊಂದರಲ್ಲಿ ನುಡಿಸಿದಳು.

“ಪೈಲೇವಾಲಾಚ್ ಅಚ್ಛಾ ಹೈ,” ಅಂದರು ಅಮ್ಮಿ. ಮೊದಲನೆಯದೇ ಚೆನ್ನಾಗಿದೆಯಂತೆ.

“ಹೌದು ಆಪಾ, ಮೊದಲ್ನೇದು ಡಾಕ್ಟರ್‌ದು, ಬಿಲ್ಕುಲ್,” ಅಂದರು ಭಾಯ್ ನನ್ನ ಕಡೆ ತಿರುಗಿ. “ಎರಡನೇದರಲ್ಲಿ ಜರಾ ಖಾರ ಕಮ್ಮಿ.”

ನನಗೂ ಹಾಗೇ ಅನಿಸಿತ್ತು. ಸೋತೆ ಅಂದುಕೊಂಡು, “ಮೊದಲ್ನೇದು ಇವಳದ್ದೇ,” ಅಂದೆ.

ಗೆಳತಿ ಬಟ್ಟೆ ಸರಿಸಿ ತಲೆ ಹೊರಹಾಕಿದಳು. ಮುಖದಲ್ಲಿ ನಗುವೋ ಸಿಟ್ಟೋ ತಿಳಿಯದ ಒಂದು ಭಾವ.

“ಮೊದಲ್ನೇದು ನಿನ್ನದು ಕಣೇ ಮಾರಾಯ್ತಿ!”

ನಾನು ಎದ್ದು ಕುಣಿದೆ. ಭಾಯ್ ಡ್ರಮ್ಸ್ ಹತ್ತಿರ ಹಾರಿ ಧಡಧಡ ಬಾರಿಸಿದರು. ಅಮ್ಮಿ ಯಾರು ಗೆದ್ದರೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ಗೆಳತಿ ನಂಬಲಿಲ್ಲ. ಮತ್ತೆ ಮತ್ತೆ ಅದಲುಬದಲು ಮಾಡಿ ನುಡಿಸಿದಳು. ಒಮ್ಮೆ ಅವಳದು ಹೆಚ್ಚು, ಒಮ್ಮೆ ನನ್ನದು ಹೆಚ್ಚು. ಯಾವುದು ಯಾವುದೆಂದು ನಮ್ಮಲ್ಲಿ ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ.

ಆಮೇಲೆ ನಾನೇ ಒಂದು ಮಾತು ಕೇಳಿದೆ. “ಸೌಂಡ್ ಕಡಿಮೆ ಮಾಡಿ, ಒಂದೇ ಸ್ವರ ಹಿಡಿದು ಬಿಡು. ಆರೋವರೆಗೂ ಮುಟ್ಟಬೇಡ.”

ಅಲ್ಲಿ ಗೊತ್ತಾಯಿತು. ಒಂದರ ಸ್ವರ ಉದ್ದಕ್ಕೆ ಸಾಗಿ ತೆಳ್ಳಗಾಗುತ್ತ ಹೋಯಿತು. ಇನ್ನೊಂದರದು ನಡುದಾರಿಯಲ್ಲೇ ಕುಸಿಯಿತು. ಕುಸಿದದ್ದು ನನ್ನದು. ಆಮೇಲೆ ಕಣ್ಣು ಮುಚ್ಚಿ ಎರಡನ್ನೂ ಕೈಗೆ ತೆಗೆದುಕೊಂಡೆ. ಯಾವುದು ಯಾರದೆಂದು ತಿಳಿಯಲು ಕೈಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅವಳ ಗಿಟಾರಿನ ಕತ್ತು ಅಂಗೈಗೆ ಒಗ್ಗಿಕೊಳ್ಳುತ್ತಿತ್ತು. ನನ್ನದರ ಅಂಚು ಚುಚ್ಚುತ್ತಿತ್ತು. ಅಂಚನ್ನು ಗೆಳತಿ ಅಲ್ಲೇ ಕೂತು ಉಜ್ಜುಕಾಗದದಿಂದ ದುಂಡು ಮಾಡಿಕೊಟ್ಟಳು, ಅದು ಸರಿಹೋಯಿತು. ಸ್ವರ ಕುಸಿಯುವುದು ಮಾತ್ರ ಸರಿಹೋಗಲಿಲ್ಲ. ಕತ್ತು ಮೈಗೆ ಸೇರುವ ಜಾಗ ಬಿಚ್ಚಿ ನೋಡಿ, ಸಂದಿಗೆ ತೆಳ್ಳನೆಯ ಮರದ ಚಕ್ಕೆ ಕೂಡ ಕೊಟ್ಟೆ. ಸ್ವಲ್ಪ ಸುಧಾರಿಸಿತು. ಅವಳದರಷ್ಟು ಆಗಲಿಲ್ಲ. ಆ ಮರ ಅಷ್ಟೇ ಹಾಡುವುದು ಎಂದು ಒಪ್ಪಿಕೊಂಡೆ. ಬೇಸರವೇನೂ ಆಗಲಿಲ್ಲ, ಇಷ್ಟು ಹತ್ತಿರ ಬಂದೆನಲ್ಲ ಎಂಬ ಹಿಗ್ಗೇ ಹೆಚ್ಚಾಗಿತ್ತು.

ಕೆಲವು ದಿನ ಕಳೆದು ಒಂದು ಸಂಜೆ ಶಿಫ್ಟ್ ಬಿಟ್ಟು ಗೇಟಿಗೆ ಬಂದರೆ, ಗೆಳತಿಯ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವಳ ಗಿಟಾರು.

“ನನಗೂ ಒಂದು ಸುತ್ತಿಕೊಡು,” ಅಂದಳು. “ನಿಂದರ ಆ ದಪ್ಪ ದನಿ ತಲೇಲಿ ಕೂತುಬಿಟ್ಟಿದೆ. ಕಂಪನಿಯವರು ಕೊಟ್ಟಿದ್ದು ಈಗ ಸಪ್ಪೆ ಅನ್ನಿಸ್ತಿದೆ.”

“ಹುಚ್ಚಾ ನಿಂಗೆ? ಇಂಥ ಗಿಟಾರ್ ಬಿಚ್ಚೋದಾ?”

“ನಾನು ದಿನಾ ಜನರ ಬಾಯಿ ಬಿಚ್ಚಿಸ್ತೀನಿ. ನೀನು ನಾಲ್ಕು ಸ್ಕ್ರೂ ಬಿಚ್ಚೋಕೆ ಹೆದರ್ತೀಯಾ?”

ಹೆದರಿದೆ, ನಿಜ. ಆದರೂ ನನ್ನದರ ಲೆಕ್ಕದಲ್ಲೇ ಅವಳಿಗೂ ಒಂದು ಸುತ್ತಿದೆ. ಅವಳ ಪಿಕಪ್ಪನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, ನಾನು ಸುತ್ತಿದ್ದನ್ನು ಕೂರಿಸಿದೆ. ಅವಳು ಮೀಟಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ದನಿ, ಅವಳ ಮರ! ಸ್ವರ ದಪ್ಪಗೆ ಎದ್ದು, ಉದ್ದಕ್ಕೆ ನಡೆದೇ ಹೋಯಿತು. ಅಂಥದ್ದನ್ನು ನಮ್ಮ ಶಿವಮೊಗ್ಗದಲ್ಲಿ ನಾನು ಕೇಳಿರಲಿಲ್ಲ.

ಆ ಹುರುಪಿನಲ್ಲೇ ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ರಿಸೆಪ್ಶನ್ ಒಪ್ಪಿಕೊಂಡೆವು. ಮಧುಮಗಳು ನಮ್ಮ ವೈಂಡಿಂಗ್ ವಿಭಾಗದವಳೇ. ಸೌಂಡ್ ಸಿಸ್ಟಮ್ಮಿನವರು ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದವರು, ಮನೆಮಾತು ತಮಿಳು. ನಾವು ಮೊದಲನೇ ಹಾಡು ಭರ್ಜರಿಯಾಗಿ ಹೊಡೆದು ಅವರ ಕಡೆ ನೋಡಿದರೆ, ಅವರು ತಲೆ ಮೇಲೆ ಕೈಹೊತ್ತು ವೇದಿಕೆ ಹತ್ತಿ ಬಂದರು.

“ಏನಕ್ಕಾ ಇದು? ಎರಡು ಗಿಟಾರೂ ಒಂದೇ ತರ ಬರ್ತಿದೆ. ಒಂದರ ಮೇಲೆ ಒಂದು ಕೂತು ಗೊಜ್ಜು ಆಗ್ತಿದೆ. ಯಾವುದನ್ನ ಏರಿಸ್ಲಿ, ಯಾವುದನ್ನ ಇಳಿಸ್ಲಿ?”

ಗೆಳತಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಸಮ ಮಾಡಲು ಇಷ್ಟು ಒದ್ದಾಡಿ, ಕೊನೆಗೆ ಸಮ ಆಗಿದ್ದೇ ತಪ್ಪು ಎಂದು ಒಬ್ಬರು ವೇದಿಕೆಗೆ ಬಂದು ಹೇಳುತ್ತಿದ್ದಾರೆ! ಭಾಯ್ ಡ್ರಮ್ಸ್ ಹಿಂದಿನಿಂದ ಜೋರಾಗಿ ನಕ್ಕರು. ಅವರ ನಗು ಮೈಕಿಗೆ ಹೋಗಿ ಇಡೀ ಛತ್ರಕ್ಕೆ ಕೇಳಿಸಿತು. ಮಧುಮಕ್ಕಳೂ ಏನೆಂದು ತಿಳಿಯದೆ ನಕ್ಕರು.

ಆ ಸಂಜೆಯ ಮಟ್ಟಿಗೆ ಒಂದು ಉಪಾಯ ಮಾಡಿದೆವು. ಅವಳು ಕೆಳಗಿನ ಸ್ವರಗಳಲ್ಲೇ ಉಳಿದಳು. ನಾನು ಗಿಟಾರಿನ ಟೋನ್ ಗುಂಡಿ ತಿರುಗಿಸಿ ದನಿ ಚೂಪು ಮಾಡಿಕೊಂಡು, ಮೇಲಿನ ಸ್ವರಗಳಲ್ಲಿ ಚಿಕ್ಕ ಚಿಕ್ಕದಾಗಿ ಕುಟುಕುತ್ತ ಹೋದೆ. ನನ್ನ ಗಿಟಾರಿನಲ್ಲಿ ಸ್ವರ ಬೇಗ ಆರುತ್ತಿತ್ತಲ್ಲ, ಆ ಕುಟುಕು ಒಂದಕ್ಕೊಂದು ಅಂಟದೆ ಪಟಪಟನೆ ಬಿಡಿಬಿಡಿಯಾಗಿ ಬಂತು. ಅವಳದರಲ್ಲಿ ಹಾಗೆ ಬರುವುದಿಲ್ಲ. ಸೌಂಡಿನವರು ಹೆಬ್ಬೆರಳು ಎತ್ತಿದರು. ಊಟ ಮುಗಿಸಿ ಹೊರಟಿದ್ದವರು ಎಲೆ ಅಡಿಕೆ ಮೆಲ್ಲುತ್ತ ಮತ್ತೆ ಬಂದು ಕುರ್ಚಿ ಎಳೆದುಕೊಂಡರು.

ಮುಂದಿನ ವಾರ ನನ್ನ ಗಿಟಾರಿಗೆ ಮತ್ತೊಂದು ಪಿಕಪ್ ಸುತ್ತಿದೆ. ಬೇಕೆಂದೇ ಕಡಿಮೆ ಸುತ್ತು. ದನಿ ತೆಳ್ಳಗಾಗಿ, ಚುರುಕಾಗಿ, ಗಾಜಿನ ಬಳೆಗಳು ತಾಕಿದ ಹಾಗೆ ಬಂತು. ಡಾಕ್ಟರ್ ಗೆಳತಿಗೆ ಫೋನಿನಲ್ಲೇ ನುಡಿಸಿ ಕೇಳಿಸಿದೆ.

“ಅಯ್ಯೋ, ಇದನ್ನ ನನಗೆ ಕೊಡೇ,” ಅಂದಳು ತಕ್ಷಣ.

“ಕೊಡಲ್ಲ,” ಅಂದೆ. “ಇದು ನಂದು.”