ಪಾಟಿ ಇಲ್ಲದ ಸಾಲಿ

ನನ್ನ ಹೆಂಡತಿ ತೀರಿಕೊಂಡ ಬೇಸಿಗೆಯಲ್ಲೇ ನಮ್ಮೂರ ಮಠದ ಪಡಸಾಲಿಯಲ್ಲಿ ಸಣ್ಣ ಮಕ್ಕಳ ಸಾಲಿ ಶುರುವಾಯಿತು. ನಿಜಾಮರ ಕಾಲ. ನಿಂಬರ್ಗಾ ಕಡೆಯ ಹಳ್ಳಿ ನಮ್ಮದು, ನಾನು ಬಡಿಗ. ಸರ್ಕಾರಿ ಸಾಲಿಯಲ್ಲಿ ಎಲ್ಲವೂ ಉರ್ದು. ತಲೆಗೆ ಹತ್ತಲಿಲ್ಲ, ಎರಡನೇ ಇಯತ್ತೆಗೇ ಬಿಟ್ಟು ಬಾಚಿ ಹಿಡಿದೆ. ನಾನು ಮಾಡಿದ ಬಂಡಿಗಾಲಿ ಆಳಂದದ ತನಕ ಹೆಸರು ಮಾಡಿತ್ತು. ಹಾಗಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ.

ಐದು ವರ್ಷದ ಮಗಳು ಅವ್ವ ಹೋದ ಮೇಲೆ ಮಾತು ಬಿಟ್ಟಿದ್ದಳು. ಕರೆದರೆ ಬರುವಳು, ಇಟ್ಟರೆ ಉಣ್ಣುವಳು, ಅಷ್ಟೇ. ನಾನೂ ಹಾಗೇ ಇದ್ದೆ. ಅಫಜಲಪುರಕ್ಕೆ ಕೊಟ್ಟ ನನ್ನ ತಂಗಿ ಹೆಂಡತಿಯ ಮಣ್ಣಿಗೆ ಬಂದವಳು ಹೊರಡುವಾಗ ಅಂದಳು: "ಅಣ್ಣಾ, ಪಂಚಮಿಗೆ ಬಂದಾಗ ಇಕೀನ ಕರಕೊಂಡು ಹೋಗ್ತೇನಿ. ನನ್ನ ಕೂಸಿನ ತೊಟ್ಟಿಲಾ ತೂಗ್ತಾಳ."

"ಪಂಚಮಿಯೊಳಗ ನಾಕು ಅಕ್ಷರ ಕಲತ್ರ ಇಲ್ಲೇ ಇರ್ತಾಳ. ಇಲ್ಲಂದ್ರ ಒಯ್ಯಿ," ಅಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

ಮಗಳನ್ನು ಮಠದ ಸಾಲಿಗೆ ಹಾಕಿದೆ. ಆದರೆ ಅಲ್ಲಿನ ಹೊಸ ಮಾಸ್ತರರು ಪಾಟಿ-ಬಳಪವನ್ನೇ ಮುಟ್ಟಿಸಲಿಲ್ಲ. ತೊಗರಿ, ಜೋಳ, ಹೆಸರು ಕಲಸಿ ಮುಂದಿಟ್ಟು ಬೇರೆ ಮಾಡಿಸುತ್ತಿದ್ದರು. ಅಂಗಳದಲ್ಲಿ ರಂಗೋಲಿ ಎಳೆಸುತ್ತಿದ್ದರು. ಕೇಳಲು ಹೋದೆ.

"ಅಕ್ಷರ ಯಾವಾಗ ತೀಡಸ್ತೀರಿ, ಮಾಸ್ತರ್ರ?"

"ದೀವಳಿಗಿ ಆಗ್ಲಿ ತಡೀರಿ. ಮೊದಲ ಕೈ, ಕಣ್ಣು, ಬಾಯಿ ಪಳಗಬೇಕು. ಮಕ್ಕಳು ಮನ್ಯಾಗ ಕಂಡದ್ದನ್ನ ಹಿಡಕೊಂಡು ಪಾಠ ಕಟ್ಟಾಕತ್ತೇನಿ."

"ಕಾಳು ಆರಿಸೂದು ಯಾವ ಮುದುಕಿ ಆದ್ರೂ ಕಲಸ್ತಾಳ. ಅದಕ್ಯಾಕ ಸಾಲಿ?"

"ಅಂಥಾ ಮುದುಕಿ ಇದ್ರ ಕಳಸ್ರಿ. ನನಗ ಜೊತಿಗೊಬ್ರು ಬೇಕಾಗ್ಯಾರ."

ಕೆಲವರು ಮಕ್ಕಳನ್ನು ಬಿಡಿಸಿಕೊಂಡರು. ಹಗಲು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ನಾನು ಬಿಡಿಸಲಿಲ್ಲ.

ಆಷಾಢದ ಒಂದು ಮಂಗಳವಾರ ಮಾಸ್ತರರು ಮಕ್ಕಳ ಕೈಲಿ ಗುಳ್ಳವ್ವನನ್ನು ಮಾಡಿಸಿದರು. ಗುಳ್ಳವ್ವ ಅಂದರೆ ನಮ್ಮ ಹೆಣ್ಣುಮಕ್ಕಳು ಮಣ್ಣಲ್ಲಿ ಮಾಡಿ, ಹಾಡಿ, ಮರುದಿನ ಹಳ್ಳಕ್ಕೆ ಬಿಡುವ ದೇವಿ. ಮಾಸ್ತರರು ಬೇರೆ ಸೀಮೆಯವರು, ಬಿಡುವ ಸಂಗತಿ ಅವರಿಗೆ ತಿಳಿದಿರಲಿಲ್ಲ. ಗೊಂಬೆಗಳನ್ನು ಸಾಲಾಗಿ ಇಟ್ಟುಕೊಂಡು ತಿಂಗಳೆಲ್ಲ ಎಣಿಕೆ, ದೊಡ್ಡದು ಸಣ್ಣದು ಕಲಿಸಬೇಕೆಂದು ಬುಧವಾರ ನನ್ನನ್ನು ಕರೆದು ಗೋಡೆಗೆ ಹಲಗೆ ಬಡಿಯಲು ಹೇಳಿದರು. ನಾನು ಬಡಿಯತೊಡಗಿದೆ. ಮಕ್ಕಳು ನೋಡುತ್ತ ನಿಂತವು. ಗುಳ್ಳವ್ವ ಹಳ್ಳಕ್ಕೆ ಹೋಗಬೇಕೆಂದು ಮಾಸ್ತರರಿಗೆ ಯಾರು ಹೇಳಬೇಕು?

ಅವರು ನನ್ನ ಮಗಳ ಗುಳ್ಳವ್ವನನ್ನು ಎತ್ತಿದಾಗ ಅವಳು ಅವರ ಧೋತರ ಹಿಡಿದುಕೊಂಡಳು.

"ಅಕೀನ ಇಟ್ಕೋಬ್ಯಾಡ್ರಿ," ಅಂದಳು. "ಅಕಿ ಹಳ್ಳಕ್ಕ ಹೋಗಬೇಕ್ರಿ."

ಮಾಸ್ತರರು ಗೊಂಬೆ ಇಳಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಹೋಗೂಮುಂದ ಏನ್ ಮಾಡ್ತಾರವ್ವ? ನನಗ ಗೊತ್ತಿಲ್ಲ."

"ಬುತ್ತಿ ಕಟ್ತಾರ್ರಿ. ಹಾಡ್ತಾರ್ರಿ."

ಆ ದಿನದ ಪಾಠ ಹಳ್ಳದ ದಂಡೆಯಲ್ಲೇ ಆಯಿತು. ಅಲ್ಲಿಂದ ಮುಂದೆ ಅವರು ಏನು ಕಲಿಸುವುದಿದ್ದರೂ, ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತಾರೆ ಎಂದು ಮಕ್ಕಳನ್ನೇ ಮೊದಲು ಕೇಳುತ್ತಿದ್ದರಂತೆ. ಎಷ್ಟೋ ದಿನಕ್ಕೆ ಆವತ್ತು ಮಗಳ ದನಿ ಕೇಳಿದ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಉಳಿದ ಮೊಳೆ ಬಡಿದು ಮನೆಗೆ ಬಂದೆ.

ಪಂಚಮಿಗೆ ತಂಗಿ ಬಂದಳು. "ಎಷ್ಟು ಅಕ್ಷರ ಬಂದಾವು?"

"ಒಂದೂ ಇಲ್ಲ."

"ಹಂಗಾದ್ರ ಅಕಿ ಅರಿವಿ ಗಂಟು ಕಟ್ಟು."

"ಇಲ್ಲ. ಸಾಲಿಗೆ ಹೋಗಾಕತ್ತಾಳ."

"ಮಣ್ಣಾಡಾಕ?"

"ಹೂಂ, ಮಣ್ಣಾಡಾಕ."

"ಕೊಟ್ಟ ಮಾತಿಗೆ ತಪ್ಪಾಂವಲ್ಲ ಅಂತ ಊರೆಲ್ಲಾ ಹೇಳ್ಕೊತ ತಿರಗ್ತಿದ್ದಿ, ಅಣ್ಣಾ."

"ಈಗ ತಪ್ಪೇನಿ. ಅದನ್ನೂ ಊರೆಲ್ಲಾ ಹೇಳು."

ಅವಳು ಹಬ್ಬದ ಉಂಡಿ ಮುಟ್ಟದೆ ಹೋದಳು. ಎರಡು ವರ್ಷ ನಮ್ಮ ಮನೆಯ ಕಡೆ ಬರಲಿಲ್ಲ. ಆವತ್ತು ನನಗೆ ಸಮಾಧಾನವಾಯಿತು ಎಂದು ಹೇಳಿದರೆ ಸುಳ್ಳಾದೀತು. ಆಗ ನನಗೆ ಏನೂ ಅನಿಸುತ್ತಿರಲಿಲ್ಲ. ಹಬ್ಬ ಮುಗಿದ ಮರುದಿನ ಮುಂಜಾನೆ ಮಗಳ ತಲೆ ಬಾಚಿ, ನನಗೆ ಬಂದಂತೆ ಹೆರಳು ಹಾಕಿ, ಮಠದ ಕಟ್ಟೆಯ ತನಕ ಬಿಟ್ಟುಬಂದೆ.