ಇವರ ಪ್ಯಾಂಟಿನ ಮೊಣಕಾಲಿಗೆ ಪೆಟ್ರೋಲ್ ವಾಸನೆ

ನಮ್ಮವರ ಪ್ಯಾಂಟಿನ ಮೊಣಕಾಲಿನ ಹತ್ತಿರ ಪೆಟ್ರೋಲ್ ವಾಸನೆ ಬರುತ್ತಿದ್ದುದನ್ನು ಮೊದಲು ಕಂಡುಹಿಡಿದವಳು ನಾನು. ಒಗೆಯುವವಳು ನಾನೇ ಅಲ್ಲವೇ...

ಸ್ಕೂಟರಿನದು ಎಂದುಕೊಳ್ಳೋಣವೆಂದರೆ ನಮ್ಮಲ್ಲಿ ಸ್ಕೂಟರ್ ಇರಲಿಲ್ಲ. ಒಂದು ಸೈಕಲ್ ಇತ್ತು. ಮತ್ತೆ, ಹೇಳಿದರೆ ನಗುತ್ತೀರಿ, ಒಂದು ವಿಮಾನ ಇತ್ತು.

ಅರವತ್ತರ ದಶಕದ ಮಾತು. ಇವರದು ವಿಮಾ ಕಚೇರಿಯ ಕೆಲಸ, ಧಾರವಾಡದಿಂದ ಬರೋಡಾಕ್ಕೆ ವರ್ಗವಾಗಿತ್ತು. ವಾರವೆಲ್ಲ ಊರವರ ಜೀವಕ್ಕೆ ವಿಮೆ ಮಾಡಿಸುವುದು, ರಜೆ ಬಂದರೆ ಊರಂಚಿನ ಗೋರ್ವಾದ ಒಂದು ಶೆಡ್ಡಿನಲ್ಲಿ ತಮ್ಮ ಜೀವಕ್ಕೆ ಅಪಾಯ ತಂದುಕೊಳ್ಳುವ ಯಂತ್ರ ಕಟ್ಟುವುದು.

ಶೆಡ್ಡು ಇವರ ಗೆಳೆಯ ನಟುಭಾಯಿಯದು. ಅವರಿಗೆ ಲೇಥ್, ತಗಡು, ಬೆಸುಗೆ ಎಲ್ಲ ಗೊತ್ತು. ಇವರು ಮದುವೆಗೆ ಮೊದಲೇ ವಿಮಾನ ಹಾರಿಸಲು ಕಲಿತಿದ್ದರು. ಪ್ಲೈವುಡ್, ಬಟ್ಟೆ, ಒಂದು ಹಳೆಯ ಎಂಜಿನ್ ಜೋಡಿಸಿ ಇಬ್ಬರೂ ಒಂದೇ ಸೀಟಿನ ವಿಮಾನ ಕಟ್ಟಿದ್ದರು. ಪೆಟ್ರೋಲ್ ಟ್ಯಾಂಕ್ ಎಂಜಿನ್ನಿಗೂ ಸೀಟಿಗೂ ನಡುವೆ, ಸರಿಯಾಗಿ ಕೂತವರ ಮೊಣಕಾಲ ಮೇಲೆ.

ಅಷ್ಟರಲ್ಲಿ ಸೂರತ್‌ಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ಸೋಮವಾರ ಅಲ್ಲಿ ಡ್ಯೂಟಿಗೆ ಹಾಜರಾಗಬೇಕು. ಅದಕ್ಕೆ ಮೊದಲು, ಶನಿವಾರ, ಅಹಮದಾಬಾದಿನಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ಅವರು ಒಪ್ಪಿದರೆ ಅಂದೇ ಹಾರಾಟ, ಇಲ್ಲದಿದ್ದರೆ ವಿಮಾನ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ಕೂರುವುದು.

ನನ್ನ ಚಿಂತೆ ಬೇರೆ. ಸಾಹೇಬರ ಕಣ್ಣಿಗೆ ಬೀಳದೆ ಟ್ಯಾಂಕ್ ಸೋರುತ್ತಲೇ ಮೇಲಕ್ಕೆ ಹೋದರೆ? ಮುಂದೆ ಕಾದ ಎಂಜಿನ್, ತೊಡೆಯ ಮೇಲೆ ಪೆಟ್ರೋಲ್. ನನಗೆ ತುಂಬಾ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

ಟ್ಯಾಂಕ್ ಬಿಚ್ಚಿದರು. ಹನಿ ಬೀಳುತ್ತಿದ್ದದ್ದು ಕೆಳಗಿನ ಅಂಚಿನಿಂದ. ನಟುಭಾಯಿ ಅಲ್ಲಿಗೆ ಬೆಸುಗೆ ಹಾಕಿದರು, ಟ್ಯಾಂಕಿನ ಬಾಯಿವರೆಗೆ ನೀರು ತುಂಬಿ ಒಂದು ದಿನ ಇಟ್ಟರು. ಒಂದು ಹನಿಯೂ ಸೋರಲಿಲ್ಲ. ಇಬ್ಬರೂ ಕೈ ಕುಲುಕಿಕೊಂಡರು.

ಪೆಟ್ರೋಲ್ ಹಾಕಿದರೆ ಮತ್ತೆ ಅದೇ ಜಾಗದಲ್ಲಿ ಹನಿ.

ಮತ್ತೆ ಬೆಸುಗೆ, ಮತ್ತೆ ನೀರು, ಮತ್ತೆ ಕೈ ಕುಲುಕಾಟ, ಮತ್ತೆ ಹನಿ... ಟ್ಯಾಂಕಿನ ಕೆಳಗೆಲ್ಲ ಹುಣಸೆಬೀಜ ಅಂಟಿಸಿದ ಹಾಗೆ ಗಂಟುಗಂಟಾಗಿತ್ತು.

ಶುಕ್ರವಾರ ರಜೆ ಹಾಕಿ ಇವರು ಅಲ್ಲೇ ಕೂತಿದ್ದರು. ಬುತ್ತಿ ಕಟ್ಟಿಕೊಂಡು ನಾನೂ ಹೋದೆ. "ನೀರು ನಿಂತದ ಅಂದಮ್ಯಾಲೆ ಪೆಟ್ರೋಲ್ ಹ್ಯಾಂಗ ಸೋರತದ?" ಎಂದು ಇವರು ನನ್ನನ್ನೇ ಕೇಳಿದರು, ಟ್ಯಾಂಕ್ ನನ್ನ ತವರಿನಿಂದ ತಂದದ್ದು ಎಂಬಂತೆ.

"ನಮ್ಮ ಸ್ಟೋವಿಗೂ ಹಿಂಗ ಆಗಿತ್ತಲ್ರೀ," ಅಂದೆ. "ನೀರು ನಿಲ್ತಿತ್ತು, ಸೀಮೆಎಣ್ಣಿ ಹಾಕಿದ ಕೂಡ್ಲೇ ಬೆವರ್ತಿತ್ತು."

ಒಲೆ ಸಾರಿಸಿ ರಂಗೋಲಿ ಎಳೆಯುವ ನಮ್ಮ ಪದ್ಧತಿಯನ್ನು ನಾನು ಬರೋಡಾದಲ್ಲಿ ಸ್ಟೋವಿಗೂ ಬಿಟ್ಟಿರಲಿಲ್ಲ. ಎಲ್ಲಿ ಎಣ್ಣೆ ಜಿನುಗುತ್ತಿತ್ತೋ ಅಲ್ಲಿ ಬಿಳಿ ಗೆರೆ ಕಪ್ಪಾಗುತ್ತಿತ್ತು. ಅದನ್ನೇ ಮಾಡೋಣ ಎಂದು ಮನೆಗೆ ಹೋಗಿ ರಂಗೋಲಿ ಡಬ್ಬಿ ತಂದೆ. ಶೆಡ್ಡಿನ ಇಬ್ಬರು ಎಂಜಿನಿಯರರೂ ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಈಗ ನೋಡಿ, ಟ್ಯಾಂಕ್ ಮೈತುಂಬ ನೀರಿನಲ್ಲಿ ಕಲಸಿದ ರಂಗೋಲಿ ಬಳಿದುಕೊಂಡು ಬಿಸಿಲಿನಲ್ಲಿ ಕೂತಿದೆ. ಒಳಗೆ ತುಂಬ ಸೀಮೆಎಣ್ಣೆ. ನಾವು ಮೂವರೂ ಸುತ್ತ ಕೂತಿದ್ದೇವೆ. ನಟುಭಾಯಿ ಹಚ್ಚದ ಬೀಡಿ ಕಚ್ಚಿಕೊಂಡಿದ್ದಾರೆ.

ಕೆಳಗಿನ ಬೆಸುಗೆ ಒಣಗಿದ ಬಿಳುಪಾಗಿಯೇ ಇದೆ. ಮೇಲೆ, ಗಣಪತಿಯ ಪಾದದ ಬಳಿಯಿಂದ, ಒಂದು ಕಪ್ಪು ಗೆರೆ ನಿಧಾನವಾಗಿ ಕೆಳಗಿಳಿಯುತ್ತಿದೆ...

ಗಣಪತಿ ಅಲ್ಲಿಗೆ ಹೇಗೆ ಬಂದ ಎಂದು ಹೇಳಲೇಬೇಕು. ತಂದವಳು ನಾನು. ಹಿಂದಿನ ಆಯುಧಪೂಜೆಯ ದಿನ ಹಿತ್ತಾಳೆಯ ಪುಟ್ಟ ಗಣಪತಿಯನ್ನು ಕೊಟ್ಟು, ಇದು ನಿಮ್ಮ ಕಣ್ಣೆದುರಿಗೆ ಇರದಿದ್ದರೆ ನೀವು ಆ ವಿಮಾನ ಏರಕೂಡದು ಎಂದು ಹಟ ಹಿಡಿದಿದ್ದೆ. ಇವರು ನಟುಭಾಯಿಗೆ ಹೇಳಿ ಟ್ಯಾಂಕಿನ ಸೀಟಿನ ಕಡೆಯ ಮುಖಕ್ಕೆ, ಮೇಲಿನ ಅಂಚಿಗೆ ತಾಗಿಸಿ ಬೆಸುಗೆ ಹಾಕಿಸಿದ್ದರು. ಆ ಬಿಸಿಗೆ ಅಂಚಿನ ಹಳೆಯ ಬೆಸುಗೆ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು; ಅಲ್ಲಿ ಜಿನುಗಿದ್ದು ಮೈಮೇಲೆ ಹರಿದು ಕೆಳಗಿನ ಅಂಚಿನಲ್ಲಿ ಹನಿಯುತ್ತಿತ್ತು.

ಇಬ್ಬರೂ ನನ್ನ ಮುಖ ನೋಡಲಿಲ್ಲ. "ಅದು ಇರಲಿ, ಬ್ಯಾರೆ ಕಡೆ ನೋಡೋಣು," ಎಂದರು ಇವರು.

ಬೇರೆ ಕಡೆ ನೋಡಲು ಏನೂ ಇರಲಿಲ್ಲ, ಇವರಿಗೂ ಅದು ಗೊತ್ತಿತ್ತು. ವಿಮಾನ ಹೋದರೂ ಸರಿ, ನನ್ನ ಗಣಪತಿಯನ್ನು ಕೀಳಲು ಇವರಿಗೆ ಮನಸ್ಸಿರಲಿಲ್ಲ. ಆಗ ಇವರ ಮೇಲೆ ತುಂಬಾ ಪ್ರೀತಿ ಬಂತು, ಅಷ್ಟೇ ಸಿಟ್ಟೂ ಬಂತು.

"ತಗೀರಿ," ಅಂದೆ. "ಇಟ್ಟಾಕಿ ನಾನ ಹೇಳ್ಲಿಕ್ಹತ್ತೇನಿ."

ಆದರೆ ದೇವರನ್ನು ಬೀಳ್ಕೊಡುವ ಮುಂಚೆ ಸ್ವಲ್ಪ ಉತ್ತರಕ್ಕೆ ಸರಿಸಬೇಕಲ್ಲ. ಬೆಸೆದ ಗಣಪತಿ ಸರಿಯುವುದು ಹೇಗೆ? ಟ್ಯಾಂಕನ್ನೇ ಸರಿಸೋಣ ಎಂದಾಯಿತು. "ಭಾಭಿ, ಉತ್ತರ್ ಕಿಧರ್ ಹೈ?" ಎಂದು ನಟುಭಾಯಿ ಕೇಳಿದರು. ಇವರು ವಿಮಾನದ ದಿಕ್ಸೂಚಿಯನ್ನೇ ಬಿಚ್ಚಿ ತಂದರು. ಲೇಥಿನ ಮೇಲಿದ್ದ ಪೂಜೆಯ ಹೂವೊಂದನ್ನು ನಾನು ಗಣಪತಿಗೆ ಏರಿಸಿದೆ, ಮೂವರೂ ಸೇರಿ ಟ್ಯಾಂಕನ್ನು ಒಂದು ಗೇಣು ತಳ್ಳಿದೆವು.

ಎಣ್ಣೆ ಹೊರಗೆ ಸುರಿದು, ಸೋಡಾ ಹಾಕಿದ ಕುದಿನೀರಿನಲ್ಲಿ ವಾಸನೆ ಪೂರ್ತಿ ಹೋಗುವವರೆಗೂ ತೊಳೆದೆವು. ಆಮೇಲೆ ಗಣಪತಿಯನ್ನು ಬಿಡಿಸಿ ಅಂಚಿಗೆ ಹೊಸ ಬೆಸುಗೆ ಹಾಕಿದರು. ಇನ್ನೊಮ್ಮೆ ರಂಗೋಲಿ, ಇನ್ನೊಮ್ಮೆ ಸೀಮೆಎಣ್ಣೆ. ಎಲ್ಲ ಕಡೆ ಬಿಳುಪು.

ಶನಿವಾರ ಸಾಹೇಬರು ಟ್ಯಾಂಕ್ ಸವರಿ, ಬೆರಳಿಗೆ ಹತ್ತಿದ ಬಿಳಿ ಪುಡಿ ಏನೆಂದು ಕೇಳಿದರು. ಇವರು ಗಂಭೀರವಾಗಿ ರಂಗೋಲಿ ಎಂದರು. ಸಾಹೇಬರು ಅದನ್ನು ಬರೆದುಕೊಂಡರು.

ಇವರು ಹಾರಿದರು. ಮೂರು ಸುತ್ತು. ನಾನು ಮೈದಾನದ ಅಂಚಿನಲ್ಲಿ ಗಣಪತಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ.

ಇಳಿದಾಗ ಎಲ್ಲರೂ ಅವರ ಕೈ ಕುಲುಕುತ್ತಿದ್ದರು. ನಾನು ಮಾತ್ರ ನಾಚಿಕೆ ಬಿಟ್ಟು, ಬಗ್ಗಿ ಮೊಣಕಾಲು ಮೂಸಿದೆ. ಬರೀ ಬೆವರಿನ ವಾಸನೆ. ಅಲ್ಲೇ ಕೂತು ಅತ್ತುಬಿಟ್ಟೆ.

ಆ ಗಣಪತಿ ಈಗಲೂ ನನ್ನ ದೇವರ ಗೂಡಿನಲ್ಲಿದ್ದಾನೆ, ಬೆನ್ನಿಗೆ ಬೆಸುಗೆಯ ಕಲೆ ಹಾಗೇ ಇದೆ.

ಕಾಪಾಡಲಿ ಎಂದು ಹಟ ಹಿಡಿದು ಇಟ್ಟದ್ದನ್ನು, ಕಾಪಾಡಲಿಕ್ಕೆಂದೇ ನೀವೂ ಎಂದಾದರೂ ತೆಗೆದದ್ದುಂಟೇ?